ಚಿಕ್ಕಹನುಮಕ್ಕ ದ್ವೀಪಕ್ಕೆ ಹೋದದ್ದು

ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನನ್ನ ಪ್ಯಾಂಟು ಜಾರಿ ಬಿತ್ತು. ಬಿದ್ದ ಪ್ಯಾಂಟಿನ ಒಳಗೆ ಇನ್ನೊಂದು ಪ್ಯಾಂಟು ಇತ್ತು ಅನ್ನುವುದಷ್ಟೇ ಆ ಹೊತ್ತಿಗೆ ನನ್ನ ಮಾನಕ್ಕೆ ಉಳಿದಿದ್ದ ಆಧಾರ.

ಕಾರಣ ಹೇಳಿಬಿಡುತ್ತೇನೆ. ನಾನು ತೆಗೆದದ್ದು ಇದ್ದುದರಲ್ಲೇ ಅಗ್ಗದ ಟಿಕೆಟ್ಟು. ಅದರಲ್ಲಿ ಮನುಷ್ಯ ಹೋಗಬಹುದು, ಅವನ ಪೆಟ್ಟಿಗೆ ಹೋಗುವ ಹಾಗಿಲ್ಲ. ಕೈಯಲ್ಲಿ ಹಿಡಿದ ಏಳು ಕೆಜಿಗೆ ಮಾತ್ರ ಅಪ್ಪಣೆ. ಏಳಕ್ಕೆ ಮೀರಿದ್ದನ್ನು ಮೈಮೇಲೆ ತೊಟ್ಟುಕೊಂಡರೆ ಯಾರೂ ತೂಕಕ್ಕೆ ಹಾಕುವುದಿಲ್ಲ ಅನ್ನುವುದು ನನ್ನ ಸ್ವಂತ ಸಂಶೋಧನೆ. ಹಾಗಾಗಿ ಫೆಬ್ರವರಿಯ ಆ ಬೆಳಗ್ಗೆ ಎರಡು ಪ್ಯಾಂಟು, ಮೂರು ಅಂಗಿ, ಅದರ ಮೇಲೊಂದು ಸ್ವೆಟರು ತೊಟ್ಟು ಬಟ್ಟೆ ಅಂಗಡಿಯ ಬೊಂಬೆಯ ಹಾಗೆ ನಿಂತಿದ್ದೆ. ಬೆಲ್ಟು ಬಿಚ್ಚಿ ಟ್ರೇಗೆ ಹಾಕಿ ಅಂದರು. ಬಿಚ್ಚಿದೆ. ಒಳಗಿನದರ ಮೇಲೆ ಹಿಡಿಸಲಿ ಅಂತ ಒಂದು ಸೈಜು ದೊಡ್ಡದು ತಂದಿದ್ದ ಹೊರಗಿನ ಪ್ಯಾಂಟು ಆಸರೆ ತಪ್ಪಿ ನೇರ ಪಾದಕ್ಕೆ ಬಂತು.

ತಪಾಸಣೆಯವನು ನನ್ನ ಕಾಲು ನೋಡಿದ, ಮುಖ ನೋಡಿದ, ಮತ್ತೆ ಕಾಲು ನೋಡಿದ. ಆಗ ನನ್ನ ಹಿಂದಿನಿಂದ, ಹೊಳವನಹಳ್ಳಿಯ ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೊರಟಗೆರೆಗೆ ಕೇಳಿಸುವಂಥ ದನಿಯೊಂದು ಬಂತು:

"ಗಾಬ್ರಿ ಆಗ್ಬ್ಯಾಡಿ ಸಾ, ಒಳಗೆ ಇನ್ನೊಂದೈತೆ!"

ನನ್ನ ಹೆಂಡತಿ ವನಜಾಕ್ಷಿ ಬೇರೆ ಯಾರದೋ ಹೆಂಡತಿಯ ಹಾಗೆ ಮುಂದಕ್ಕೆ ನಡೆದುಬಿಟ್ಟಳು. ಹಾಗೆ ಕೂಗಿದ್ದು ಚಿಕ್ಕಹನುಮಕ್ಕ. ಪ್ಯಾಂಟಿನ ವಿಷಯ ಇಲ್ಲಿಗೆ ಸಾಕು; ನಾನು ಹೇಳಬೇಕಾದದ್ದು ಅವಳ ವಿಷಯ.

ಹೊಳವನಹಳ್ಳಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವಳದು. ಆಧಾರ್ ಕಾರ್ಡಿನ ಪ್ರಕಾರ ಅರವತ್ತೊಂಬತ್ತು. ಅವಳ ಪ್ರಕಾರ ಅದನ್ನು ಬರೆದುಕೊಂಡವನಿಗೆ ಊಟದ ಹೊತ್ತಾಗಿತ್ತು, ಬಾಯಿಗೆ ಬಂದದ್ದು ಬರೆದ. ಹುಟ್ಟಿದ್ದು ಪಾವಗಡದ ಆಚೆ, ಆಂಧ್ರಕ್ಕೆ ಬೆನ್ನು ಆನಿಸಿಕೊಂಡಿರುವ ಊರಲ್ಲಿ. ರೈಸ್‌ಮಿಲ್ಲಿನ ಬೈಲಪ್ಪನನ್ನು ಮದುವೆಯಾಗಿ ಈ ಕಡೆ ಬಂದಳು. ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಎಷ್ಟೋ ಸಲ ಎರಡೂ ಒಟ್ಟಿಗೇ ನಡೆಯುತ್ತಿತ್ತು. ಬೈಲಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಲಕ್ಷ್ಮೀದೇವಿ ಶಿರಾದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ವಾರಕ್ಕೆರಡು ಸಲ ಫೋನು ಮಾಡಿ ಅಮ್ಮನಿಂದ ಬೈಸಿಕೊಂಡು ನೆಮ್ಮದಿಯಾಗಿ ಇಡುತ್ತಾಳೆ. ಚಿಕ್ಕಹನುಮಕ್ಕ ಶಾಲೆಯ ಬಿಸಿಯೂಟ ಶುರುವಾದಾಗಿನಿಂದ ಅರವತ್ತು ತುಂಬುವ ತನಕ ಅಲ್ಲಿ ಅಡುಗೆಯವಳಾಗಿದ್ದಳು. ಅದಕ್ಕೂ ಮುಂಚೆ, ಅಂದರೆ ನಮ್ಮ ಕಾಲಕ್ಕೆ, ಅವಳು ಪ್ರವಾಸದ ಚಿಕ್ಕಹನುಮಕ್ಕ.

ಈಗಿನ ಮಕ್ಕಳಿಗೆ ಪ್ರವಾಸ ಅಂದರೆ ಹೋಟೆಲು. ನಮಗೆ ಪ್ರವಾಸ ಅಂದರೆ ಬಸ್ಸಿನ ಟಾಪಿನ ಮೇಲೆ ಎರಡು ಹಂಡೆ, ಒಂದು ಕೊಪ್ಪರಿಗೆ, ಅರ್ಧ ಮೂಟೆ ಅಕ್ಕಿ, ರಾಗಿ ಹಿಟ್ಟು, ಹುರುಳಿಕಾಳು, ಕೆಳಗೆ ಹಿಂದಿನ ಸೀಟಿನಲ್ಲಿ ಸೌಟು ಹಿಡಿದ ಚಿಕ್ಕಹನುಮಕ್ಕ. ಪ್ರವಾಸದ ಮುಖಂಡರು ಸಂಜೀವಯ್ಯ ಮೇಷ್ಟ್ರು. ಉಳಿತಾಯದಲ್ಲಿ ಅವರು ಋಷಿ. ಯಾವ ಊರಿಗೆ ಹೋದರೂ ಅಲ್ಲೊಂದು ಸರ್ಕಾರಿ ಶಾಲೆ ಇರುತ್ತದೆ, ಶಾಲೆ ಅಂದಮೇಲೆ ಜಗಲಿ ಇರುತ್ತದೆ, ಜಗಲಿ ಅಂದಮೇಲೆ ನಲವತ್ತು ಹುಡುಗರು ಮಲಗಬಹುದು. ಇದು ಅವರು ನಮಗೆ ಕಲಿಸಿದ ಭೂಗೋಳ.

ಎಲ್ಲಾದರೂ ಶಾಲೆಯವರು ಜಗಲಿ ಕೊಡೋದಿಲ್ಲ ಅಂದರೆ ಮೇಷ್ಟ್ರು ಚಿಕ್ಕಹನುಮಕ್ಕನನ್ನು ಕಳಿಸುತ್ತಿದ್ದರು. ಅವಳು ಹತ್ತಿರದ ಯಾವುದೋ ಮನೆಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನಿಮ್ ಮನೆದೇವ್ರು ಯಾವ್ದಮ್ಮ?"

ಇದರ ಲೆಕ್ಕ ಗೊತ್ತಿರುವವರಿಗೆ ಗೊತ್ತು. ಮನೆದೇವರು ಒಂದೇ ಆದರೆ ಅಣ್ಣತಮ್ಮಂದಿರು. ಬೇರೆ ಆದರೆ ಹೆಣ್ಣು ಕೊಟ್ಟು ತರಬಹುದಾದ ನೆಂಟರು. ಮೂರನೆಯ ಸಾಧ್ಯತೆಯೇ ಇಲ್ಲ. ಅಣ್ಣನಾದರೂ ಜಗಲಿ ಕೊಡಬೇಕು, ಬೀಗನಾದರೆ ಜಗಲಿಯ ಜೊತೆ ಮಜ್ಜಿಗೆಯನ್ನೂ ಕೊಡಬೇಕು. ಕಾಲು ಗಂಟೆಯಲ್ಲಿ ನಾವು ನಲವತ್ತು ಜನ ಯಾರದೋ ಮನೆಯ ಸಂಬಂಧಿಕರಾಗಿ ಕಾಲು ಚಾಚುತ್ತಿದ್ದೆವು.

ಹೀಗೆ ಅವಳು ಹನ್ನೊಂದು ಪ್ರವಾಸ ಮಾಡಿದ್ದಾಳೆ. ಆದರೆ ಅವಳ ಕರ್ನಾಟಕವೇ ಬೇರೆ.

"ಬೇಲೂರು ಹೆಂಗಿತ್ತಕ್ಕ?" ಅಂತ ಕೇಳಿದರೆ, "ಸೌದೆ ಹಸಿ ಕಣ್ಲಾ. ಊದಿ ಊದಿ ಕಣ್ಣೇ ಹೋದ್ವು" ಅನ್ನುತ್ತಾಳೆ.

"ಹಂಪಿ?"

"ನೀರು ಗಡಸು. ಬ್ಯಾಳೆ ಬೇಯಾಕಿಲ್ಲ."

"ಜೋಗ?"

"ಮಳೆ. ಒಲೆ ಹತ್ಲಿಲ್ಲ. ಅವಲಕ್ಕಿ ಕಲಸಿಕೊಟ್ಟೆ."

ಹನ್ನೊಂದು ಪ್ರವಾಸ ಮಾಡಿದ ಹೆಂಗಸು ಒಂದು ಗೋಪುರ ನೋಡಿಲ್ಲ, ಒಂದು ಜಲಪಾತ ನೋಡಿಲ್ಲ. ಪಾತ್ರೆ ಬಿಟ್ಟು ಹೋಗುವ ಹಾಗಿಲ್ಲ. ಸಾಮಾನಿಟ್ಟು ಬೀಗ ಹಾಕಲು ರೂಮಿಲ್ಲ. ರೂಮಿನ ಬಾಡಿಗೆ ಉಳಿಸಲು ಮೇಷ್ಟ್ರು ಜೊತೆಯಲ್ಲಿ ಒಯ್ಯುತ್ತಿದ್ದ ಬೀಗವೇ ಚಿಕ್ಕಹನುಮಕ್ಕ.

ಅವಳೂ ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡವಳಲ್ಲ, ಒಂದು ಸಲ ಬಿಟ್ಟು. ಎಂಬತ್ತಾರನೆಯ ಇಸವಿ, ನಾನು ಎಂಟನೇ ಕ್ಲಾಸು. ಆ ವರ್ಷ ಮಲ್ಪೆಗೆ ಹೋಗಿದ್ದೆವು. ಅಲ್ಲಿಂದ ದೋಣಿಯಲ್ಲಿ ಒಂದು ಪುಟ್ಟ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ ಅಂತ ಗೊತ್ತಾದಾಗ ಚಿಕ್ಕಹನುಮಕ್ಕ ಮೊದಲ ಸಲ ಬಾಯಿ ಬಿಟ್ಟು ಕೇಳಿದಳು: "ನಾನೂ ಬರ್ಬೋದಾ ಸಾ?"

ಅವಳಿಗೆ ಯಾಕೆ ಆ ಆಸೆ ಅಂದರೆ, ಶಾಲೆಯ ಹಿಂದೆ ಪ್ರವಾಸದ ಪಾತ್ರೆ ತೊಳೆಯುವಾಗ ಒಳಗೆ ನಾವು ರಾಗವಾಗಿ ಒದರುವುದು ಅವಳ ಕಿವಿಗೆ ಬೀಳುತ್ತಿತ್ತು: ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪ ಎನ್ನುವರು. ಪಾವಗಡದ ಹುಡುಗಿ. ಕೆರೆ ತುಂಬಿದ್ದನ್ನು ಎರಡು ಸಲ ನೋಡಿದ್ದಳಂತೆ, ಒಂದು ಸಲ ಹುಟ್ಟುವ ಮುಂಚೆ ಅಂತ ಅವಳಮ್ಮ ಹೇಳಿದ್ದನ್ನೂ ಸೇರಿಸಿ. ಅಂಥವಳಿಗೆ ನಾಲ್ಕೂ ಕಡೆ ನೀರು ಅನ್ನುವುದು ಸುಳ್ಳಿರಬೇಕು ಅನ್ನಿಸುತ್ತಿತ್ತು. "ಒಂದ್ ಕಡೆ ನೀರಂದ್ರೆ ನಂಬಬೌದು. ಎರಡ್ ಕಡೆ ಅಂದ್ರೂ ಆಯ್ತು ಬುಡು. ನಾಕೂ ಕಡೆ ಅಂದ್ರೆ?" ಅನ್ನುತ್ತಿದ್ದಳು.

ಅವತ್ತು ಬೆಳಗ್ಗೆ ಬೇಗ ಅಡುಗೆ ಮುಗಿಸಿ, ಮುಖ ತೊಳೆದು, ಸೆರಗು ಬಿಗಿದು, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಿಂತಿದ್ದಳು. ಮೇಷ್ಟ್ರು ದೋಣಿಯ ಹತ್ತಿರ ತಲೆ ಎಣಿಸಿದರು, ದೋಣಿಯವನ ರೇಟು ಕೇಳಿದರು, ನನ್ನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ನಾನು ಕ್ಲಾಸ್ ಲೀಡರ್. ಅಧಿಕಾರದ ಹುಮ್ಮಸ್ಸಿನಲ್ಲಿ ಓಡಿಹೋಗಿ ಅವಳಿಗೆ ತಲುಪಿಸಿದೆ: "ಅಕ್ಕ, ನೀನು ಬರಬೇಡವಂತೆ. ಪಾತ್ರೆ ಯಾರು ನೋಡ್ಕೊಳ್ಳೋದು ಅಂದ್ರು. ಅಲ್ಲೇನೂ ಇಲ್ವಂತೆ, ಬರೀ ಕಲ್ಲಂತೆ."

"ಕಲ್ಲಾ?" ಅಂದಳು. "ಕಲ್ಲು ನೋಡಾಕೆ ಮಧುಗಿರಿ ಬೆಟ್ಟ ಬುಟ್ಟು ಇಲ್ಲಿಗ್ಯಾಕ್ಲಾ ಬಂದ್ರಿ?" ಅಂತ ನಕ್ಕು ಚಪ್ಪಲಿ ಹಾಕಿಕೊಂಡಳು.

ನಾವು ತಿರುಗಿ ಬಂದಾಗ ಉಪ್ಪಿಟ್ಟು ತಯಾರಿತ್ತು. ಬಡಿಸುತ್ತಾ ಒಬ್ಬೊಬ್ಬರನ್ನೂ ಕೇಳಿದಳು, "ನಿಜವಾಗ್ಲೂ ನಾಕೂ ಕಡೆ ನೀರಿತ್ತಾ?" ಹಸಿವು. ಯಾರೂ ಉತ್ತರ ಕೊಡಲಿಲ್ಲ. ನಾನಂತೂ ಇನ್ನೊಂದು ಸೌಟು ಹಾಕು ಅಂದೆ.

ಕಳೆದ ಅಕ್ಟೋಬರಿನಲ್ಲಿ ಅವಳು ಮಧುಗಿರಿಯ ನಮ್ಮ ಮನೆಗೆ ಬಂದಳು. ನಾನು ಇಲ್ಲಿನ ಕಾಲೇಜೊಂದರ ಆಫೀಸಿನಲ್ಲಿ ಪ್ರಥಮ ದರ್ಜೆ ಸಹಾಯಕ. ಅಗ್ಗದ ಟಿಕೆಟ್ಟು ಹುಡುಕುವುದರಲ್ಲಿ ನಾನು ನಿಸ್ಸೀಮ ಅಂತ ಸಹೋದ್ಯೋಗಿಗಳಲ್ಲಿ ಹೆಸರಿದೆ. ಆ ಹೆಸರು ಹಬ್ಬಿಸಿದವನೂ ನಾನೇ.

"ಲೇ ಜಯ, ನಿನ್ ಫೋನಲ್ಲಿ ವಿಮಾನ ಸಿಕ್ತೈತಂತೆ?"

"ಸಿಕ್ತೈತಕ್ಕ. ಎಲ್ಲಿಗೆ?"

"ದ್ವೀಪಕ್ಕೆ."

ನಾನು ನಗಲಿಲ್ಲ, ನಗು ಬಂದಿದ್ದು ನಿಜ. "ಈ ವಯಸ್ಸಲ್ಲಿ ದ್ವೀಪ ಯಾಕಕ್ಕ? ಕಾಶಿಗೆ ಹೋಗು, ಪುಣ್ಯನಾದ್ರೂ ಬರುತ್ತೆ."

"ಕಾಶೀಲಿ ಒಂದೇ ಕಡೆ ನೀರು ಕಣ್ಲಾ."

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದ ಕೂಲಿಯನ್ನು ಅವಳು ನಾಲ್ಕು ವರ್ಷದಿಂದ ಕೂಡಿಟ್ಟಿದ್ದಳು. ವಿಮಾನಕ್ಕೆ ಸಾಕಾಗುತ್ತದೆ ಅಂದಳು. ಉಳಿದುಕೊಳ್ಳುವುದಕ್ಕೆ? "ಅದುಕ್ಕೆ ಒಂದು ಕಾಸೂ ಕೊಡಾಕಿಲ್ಲ. ಮಲಗಾಕೆ ಯಾರಾದ್ರೂ ದುಡ್ಡು ಕೊಡ್ತಾರೇನ್ಲಾ? ವಿಮಾನ ನೀನು ನೋಡು, ಮಲಗಾ ಜಾಗ ನಾನ್ ನೋಡ್ಕಂತೀನಿ."

ಒಳಗಿಂದ ವನಜಾಕ್ಷಿ ಬಂದಳು. "ನಾವೂ ಹೋಗೋಣ ರೀ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ನೀವು ನನ್ನನ್ನ ಕರ್ಕೊಂಡು ಹೋದ ಅತಿ ದೂರದ ಊರು ಅಂದ್ರೆ ಇಲ್ಲೇ ಪಕ್ಕದ ಸಿದ್ಧರಬೆಟ್ಟ."

ಹೀಗೆ ಮೂವರಾದೆವು. ಗುರಿ ಅಂಡಮಾನು, ಇಳಿಯುವುದು ಪೋರ್ಟ್ ಬ್ಲೇರಿನಲ್ಲಿ. ಆ ಊರಿನ ಹೆಸರು ಈಗ ಬದಲಾಗಿದೆ. ಹೆಸರು ಬದಲಾದ ಮಾತ್ರಕ್ಕೆ ಟಿಕೆಟ್ಟು ಅಗ್ಗವಾಗಿಲ್ಲ. ಮೊದಲ ದಿನ ಫೋನಿನಲ್ಲಿ ನೋಡಿದಾಗ ಹೋಗಿಬರಲು ತಲೆಗೆ ಹದಿನಾಲ್ಕು ಸಾವಿರ. ಮಾರನೆಯ ದಿನ ಹದಿನೈದೂವರೆ. ಮೂರನೆಯ ದಿನ ಹದಿನಾರು. ಮಂಗಳವಾರ ಅಗ್ಗ ಅನ್ನುತ್ತಾರೆ, ಮಂಗಳವಾರ ಕಾದೆ. ಗುಟ್ಟಾಗಿ ಹುಡುಕುವ ಪರದೆಯೊಂದು ಫೋನಿನಲ್ಲಿರುತ್ತದೆ, ಅದನ್ನೂ ತೆರೆದೆ. ಫೋನಿಗೆ ಎಲ್ಲ ತಿಳಿದುಹೋಗಿತ್ತು. ನನ್ನ ಹೆಬ್ಬೆಟ್ಟಿನ ನಡುಕದಲ್ಲೇ ಅದು ನನ್ನ ಆಸೆಯನ್ನು ಅಳೆಯುತ್ತಿತ್ತು.

ಚಿಕ್ಕಹನುಮಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳು ಕೇಳಿದ್ದು ಒಂದೇ: "ದಿನಾ ಅದನ್ನೇ ನೋಡ್ತಿದ್ಯಾ?"

"ಹೌದಕ್ಕ."

"ನಿನಗೆ ಕುರಿ ಕೊಳ್ಳಾಕೆ ಬರಾಕಿಲ್ಲ ಬುಡು. ಶಿರಾ ಸಂತೇಲಿ ಬೇಕಾದ ಕುರೀನ ಯಾವನಾದ್ರೂ ಮೊದ್ಲು ಮುಟ್ತಾನೇನ್ಲಾ? ಪಕ್ಕದ್ದರ ಬಾಯಿ ತೆಗೆದು ಹಲ್ಲು ನೋಡ್ಬೇಕು. ಬೆನ್ನು ಒತ್ತಬೇಕು. ಇದೂ ಬ್ಯಾಡ ಅಂತ ಟೀ ಕುಡಿಯಾಕೆ ಹೋಗ್ಬೇಕು. ಆವಾಗ ಅವನೇ ಹಿಂದೆ ಬತ್ತಾನೆ."

ಸರಿ. ಪಕ್ಕದ ಕುರಿ ಯಾವುದು? ದಿಲ್ಲಿ ಅಂತ ತೀರ್ಮಾನವಾಯಿತು. ಹದಿನೈದು ದಿನ ನಾನು, ನನ್ನ ಹೆಂಡತಿ, ಆಗಾಗ ಮನೆಗೆ ಬಂದಾಗ ಚಿಕ್ಕಹನುಮಕ್ಕ, ಮೂವರೂ ಶ್ರದ್ಧೆಯಿಂದ ದಿಲ್ಲಿಯ ಟಿಕೆಟ್ಟು ನೋಡಿದೆವು. ಅವಳು ಫೋನಿನ ಹತ್ತಿರ ಬಾಯಿ ತಂದು ಗಟ್ಟಿಯಾಗಿ, "ದ್ವೀಪ ಯಾರಿಗ್ ಬೇಕು? ನಾವು ದಿಲ್ಲಿಗೇ ಹೋಗೋದು" ಅಂತಲೂ ಹೇಳಿದಳು. ಫೋನು ನಂಬಿತು. ದಿಲ್ಲಿಯ ಲಾಡ್ಜು, ದಿಲ್ಲಿಯ ಚಳಿ, ದಿಲ್ಲಿಗೆ ತಕ್ಕ ಸ್ವೆಟರು ಅಂತ ದಿನವೂ ಜಾಹೀರಾತು ಕಳಿಸಿತು. ಒಂದು ಸ್ವೆಟರು ಅರ್ಧ ಬೆಲೆಗಿತ್ತು, ತಡೆಯಲಾರದೆ ಕೊಂಡೆ. ಅಂಡಮಾನಿಗೆ ಸ್ವೆಟರು ಯಾಕೆ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಇದೇ.

ಹದಿನಾರನೆಯ ದಿನ ಅಂಡಮಾನಿನ ಟಿಕೆಟ್ಟು ಒಂಬತ್ತು ಸಾವಿರದ ಚಿಲ್ಲರೆಗೆ ಇಳಿದಿತ್ತು. ಅದೇನೋ ಆಫರು ಬಂದಿತ್ತು ಕಣ್ರೀ ಅಂತ ಆಫೀಸಿನಲ್ಲಿ ಅನ್ನುತ್ತಾರೆ. ಅನ್ನಲಿ. ನಾನು ಕುರಿ ಸಿದ್ಧಾಂತದವನು.

ಉಳಿದುಕೊಳ್ಳುವ ವಿಷಯದಲ್ಲಿ ಮಾತ್ರ ನನಗೆ ಅವಳ ಮೇಲೆ ನಂಬಿಕೆ ಬರಲಿಲ್ಲ. ಸಮುದ್ರದ ಆಚೆ ಹೋಗಿ ಮನೆದೇವರು ಯಾವುದು ಅಂತ ಕೇಳಿಕೊಂಡು ನಿಲ್ಲುವುದುಂಟೇ? ಅವಳಿಗೆ ಹೇಳದೆ ಒಂದು ಲಾಡ್ಜು ಹುಡುಕಿ, ನೂರಕ್ಕೆ ಎಪ್ಪತ್ತು ಕಡಿತದ ದರದಲ್ಲಿ, ಪೂರ್ತಿ ಹಣ ಮುಂಗಡ ಕಟ್ಟಿ ಬುಕ್ ಮಾಡಿದೆ. ಹತ್ತನೇ ತಾರೀಕು, ಮಂಗಳವಾರ.

ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ಬಿಸಿಲು ಹಸಿಯಾಗಿತ್ತು. ನಾನು ಸ್ವೆಟರಿನ ಒಳಗೆ ಬೇಯುತ್ತಾ ಲಾಡ್ಜಿನ ಕೌಂಟರಿಗೆ ಹೋಗಿ ಗತ್ತಿನಿಂದ ಫೋನು ತೋರಿಸಿದೆ. ಅಲ್ಲಿದ್ದ ಹುಡುಗಿ ನೋಡಿ, ಬಹಳ ಮರ್ಯಾದೆಯಿಂದ, "ಸಾರ್, ನೀವು ಒಂದು ತಿಂಗಳು ಬೇಗ ಬಂದಿದ್ದೀರಿ" ಅಂದಳು.

ಫೆಬ್ರವರಿಯ ಹತ್ತೂ ಮಂಗಳವಾರ, ಮಾರ್ಚಿನ ಹತ್ತೂ ಮಂಗಳವಾರ. ಇಪ್ಪತ್ತೆಂಟು ದಿನದ ತಿಂಗಳು ಇಟ್ಟವನನ್ನು ನಾನು ಅವತ್ತಿನವರೆಗೆ ದ್ವೇಷಿಸಿರಲಿಲ್ಲ. ಅವತ್ತಿಗೆ ರೂಮು ಒಂದೂ ಖಾಲಿ ಇಲ್ಲ. ಕಡಿತದ ದರವಾದ್ದರಿಂದ ಹಣ ವಾಪಸ್ಸಿಲ್ಲ. ಅದನ್ನು ಅವರು ಸ್ಪಷ್ಟವಾಗಿ ಬರೆದಿದ್ದರು, ನಾನು ಅಗ್ಗದ ಸಂತೋಷದಲ್ಲಿ ಓದಿರಲಿಲ್ಲ.

"ಎಲ್ಲಾದಕ್ಕೂ ಲೇಟು ಅಂತ ಇವರನ್ನ ಸುಮ್ನೆ ಬೈತಿದ್ದೆ," ಅಂದಳು ವನಜಾಕ್ಷಿ.

ಚಿಕ್ಕಹನುಮಕ್ಕ ರಸ್ತೆ ದಾಟಿ ಎದುರಿನ ಟೀ ಅಂಗಡಿಯ ಮುಂದೆ ನಿಂತು ಕಿವಿ ಕೊಟ್ಟಳು. ಅಂಗಡಿಯವನು, ಐವತ್ತರ ಆಚೀಚಿನ ದಪ್ಪ ಮನುಷ್ಯ, ಯಾರನ್ನೋ ತೆಲುಗಿನಲ್ಲಿ ಬೈಯುತ್ತಿದ್ದ. ಬೈಗುಳ ಮುಗಿಯುವ ತನಕ ಮರ್ಯಾದೆಯಿಂದ ಕಾದು, ಆಮೇಲೆ ಕೇಳಿದಳು:

"ಮೀ ಇಲವೇಲ್ಪು ಎವರಯ್ಯಾ?"

ಇಲವೇಲ್ಪು ಅಂದರೆ ತೆಲುಗಿನಲ್ಲಿ ಮನೆದೇವರು. ಅವನು ಸೌಟು ಕೆಳಗಿಟ್ಟ. ಹೆಸರು ಅಪ್ಪಲಸ್ವಾಮಿ, ಶ್ರೀಕಾಕುಳದ ಕಡೆಯವನು, ಅವರಪ್ಪನ ಕಾಲದಲ್ಲೇ ಇಲ್ಲಿಗೆ ಬಂದವರು. ಮನೆದೇವರು ಸಿಂಹಾಚಲದ ನರಸಿಂಹಸ್ವಾಮಿ.

"ಮಾದಿ ಕದಿರಿ ನರಸಿಂಹಸ್ವಾಮಿ!" ಅಂದಳು. ನಮ್ಮದು ಕದಿರಿಯ ನರಸಿಂಹ, ನಿಮ್ಮದು ಸಿಂಹಾಚಲದ ನರಸಿಂಹ, ಊರು ಬೇರೆ, ಸ್ವಾಮಿ ಒಬ್ಬನೇ. ಅಂದಮೇಲೆ ನಾನು ನಿನಗೆ ಅಕ್ಕ ಆಗಬೇಕು, ಈ ಬೆಪ್ಪ ನಿನಗೆ ಅಳಿಯನ ಸಮಾನ. ಹೀಗೆ ಐದು ನಿಮಿಷದಲ್ಲಿ ಬಂಗಾಳ ಕೊಲ್ಲಿಯ ನಡುವೆ ನನಗೊಬ್ಬ ಸೋದರಮಾವ ಹುಟ್ಟಿದ.

ಅಂಗಡಿಯ ಹಿಂದೆ ಅವನು ತೆಂಗಿನಕಾಯಿ ತುಂಬುವ ಕೋಣೆ ಇತ್ತು. ಗುಡಿಸಿ ಚಾಪೆ ಹಾಸಿಕೊಟ್ಟ. ಬಾಡಿಗೆ ಮಾತೆತ್ತಿದ್ದಕ್ಕೆ ನನ್ನನ್ನೇ ಗದರಿದ. ಚಿಕ್ಕಹನುಮಕ್ಕ ತನ್ನ ಬ್ಯಾಗು ಬಿಚ್ಚಿ ಮೂರು ಕೆಜಿ ಹೊಸ ಹುಣಸೆಹಣ್ಣು ತೆಗೆದು ಅವನ ಹೆಂಡತಿಯ ಕೈಗಿಟ್ಟಳು. ಏಳು ಕೆಜಿಯಲ್ಲಿ ಮೂರು ಕೆಜಿ ಹುಣಸೆಹಣ್ಣು. ಎರಡು ಪ್ಯಾಂಟು ತೊಟ್ಟವನಿಗೆ ಇದು ಹೊಳೆದಿರಲಿಲ್ಲ.

ಮರುದಿನ ಊರು ತಿರುಗಿದೆವು. ಹಳೆಯ ಜೈಲು ನೋಡಿದೆವು, ಕಡಲ ದಂಡೆಯ ಮೇಲೆ ಸೌತೆಕಾಯಿ ತಿಂದೆವು. ಚಿಕ್ಕಹನುಮಕ್ಕ ಆಗಾಗ ಕತ್ತೆತ್ತಿ ಸಮುದ್ರದ ಕಡೆ ನೋಡುವುದು, "ಆಮೇಲೆ? ದ್ವೀಪಕ್ಕೆ ಯಾವಾಗ?" ಅನ್ನುವುದು.

ಆಗ ನನ್ನಲ್ಲಿ ಸಂಜೀವಯ್ಯ ಮೇಷ್ಟ್ರು ಎದ್ದು ಕೂತರು. ಬೋಟಿಗೆ ತಲೆಗೆ ಇಷ್ಟು ಅಂತ ಬೋರ್ಡು ಓದಿದ್ದೆ. "ಅಕ್ಕ, ನಾವು ನಿಂತಿರೋದೇ ದ್ವೀಪ. ನೆನ್ನೆ ವಿಮಾನದಲ್ಲಿ ಇಳಿದದ್ದೇ ದ್ವೀಪದ ಮೇಲೆ. ನೀನು ದ್ವೀಪಕ್ಕೆ ಬಂದು ಒಂದು ದಿನ ಆಯ್ತು."

ಅವಳು ಸುತ್ತ ನೋಡಿದಳು. ಆಟೋ ನೋಡಿದಳು, ಬ್ಯಾಂಕು ನೋಡಿದಳು.

"ಇದಾ? ಇಲ್ಲಿ ಬಸ್‌ಸ್ಟ್ಯಾಂಡ್ ಐತಲ್ಲ."

"ಇದ್ರೇನಂತೆ? ಪುಸ್ತಕದ ಪ್ರಕಾರ—"

"ನಾಕೂ ಕಡೆ ನೀರು ಎಲ್ಲಿ ಕಾಣ್ತೈತೆ? ತೋರ್ಸು. ಆ ಕಡೆ ಮೊಬೈಲ್ ಅಂಗಡಿ ಕಾಣ್ತೈತೆ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ದೋಣಿ ಹತ್ತಿ ಹೋಗ್ಬೇಕು ಕಣ್ಲಾ. ಅವತ್ತು ನೀವೆಲ್ಲ ಹೋದಂಗೆ" ಅಂದಳು.

ಅವಳು ಅದನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದಳು ಅನ್ನುವುದು ನನಗೆ ಗೊತ್ತಾದದ್ದು ಆಗಲೇ. ಗುರುವಾರಕ್ಕೆ ಮೂರು ಬೋಟ್ ಟಿಕೆಟ್ಟು ತೆಗೆದೆ. ಶುಕ್ರವಾರ ಬೆಳಗ್ಗೆ ಹಿಂತಿರುಗುವ ವಿಮಾನ. ಹೋದರೆ ಗುರುವಾರವೇ ಹೋಗಬೇಕು.

ಗುರುವಾರ ಹೊರಡುವ ಹೊತ್ತಿಗೆ ಸರಿಯಾಗಿ ಅಪ್ಪಲಸ್ವಾಮಿಯ ತೆಂಗಿನಕಾಯಿ ಲೋಡು ಬಂತು. ಸಂಜೆವರೆಗೆ ಕೋಣೆ ಬೇಕು, ಕಾಯಿ ಎಣಿಸಿ ಇನ್ನೊಂದು ಗಾಡಿಗೆ ಹಾಕಿ ಕಳಿಸಬೇಕು ಅಂತ ಸಂಕೋಚದಿಂದ ಹೇಳಿದ. ನಮ್ಮ ಮೂರು ಬ್ಯಾಗು, ಒಂದು ಬುತ್ತಿಯ ಗಂಟು ಹೊರಗೆ ಬೀದಿಯ ಕಟ್ಟೆಯ ಮೇಲೆ ಬಂದವು. ಬೋಟಿನವನು ಗಂಟುಮೂಟೆ ತರಬೇಡಿ ಅಂತ ಮೊದಲೇ ಹೇಳಿದ್ದ. ಅಪ್ಪಲಸ್ವಾಮಿ ಗಾಡಿಯ ಜೊತೆ ಓಡಾಡಬೇಕು, ಅವನ ಹೆಂಡತಿ ವಡೆಯ ಬಾಣಲೆ ಬಿಟ್ಟು ಏಳುವ ಹಾಗಿಲ್ಲ. ಸಾಮಾನಿಡುವ ಕಡೆ ಇಡೋಣ ಅಂದರೆ ಬ್ಯಾಗಿಗೆ ಇಷ್ಟು, ಗಂಟಿಗೆ ಇಷ್ಟು. ನಾನು ಮನಸ್ಸಿನಲ್ಲೇ ಗುಣಿಸಿದೆ.

"ಅಕ್ಕ..." ಅಂದೆ. ಮುಂದೆ ಏನು ಹೇಳಬೇಕೆಂದಿದ್ದೆನೋ ದೇವರಾಣೆ ನನಗೇ ಗೊತ್ತಿಲ್ಲ.

ಹೇಳಬೇಕಾಗಲಿಲ್ಲ. ಅವಳು ಆಗಲೇ ಹೆಗಲ ಮೇಲಿನ ಟವೆಲ್ಲು ಹಾಸಿ, ಮೂರು ಬ್ಯಾಗಿನ ನಡುವೆ ಕೂತು, ಗಂಟನ್ನು ಮಂಡಿಯ ಹತ್ತಿರ ಎಳೆದುಕೊಂಡು, ಬೀದಿಗೆ ಮುಖ ಮಾಡಿಯಾಗಿತ್ತು. ಮುಖ ತೊಳೆದಿದ್ದಳು. ಸೆರಗು ಬಿಗಿದಿದ್ದಳು.

"ನೀವು ಹೋಗ್ಬನ್ನಿ. ನಾನ್ ನೋಡ್ಕಂತೀನಿ. ಅಭ್ಯಾಸ ಐತೆ."

ನಾಚಿಕೆಯ ಸಂಗತಿ ಏನೆಂದರೆ, ನಾನು ಎರಡು ಹೆಜ್ಜೆ ಮುಂದಿಟ್ಟುಬಿಟ್ಟಿದ್ದೆ. ವನಜಾಕ್ಷಿ ಇದ್ದಲ್ಲಿಂದ ಕದಲಲಿಲ್ಲ.

"ರೀ, ಮೂರನೇ ಟಿಕೆಟ್ಟು ಯಾರಿಗೆ ತಗೊಂಡಿದ್ದು? ಬ್ಯಾಗಿಗಾ?"

ಎಂಟನೇ ಕ್ಲಾಸಿನ ಲೀಡರು ತಿರುಗಿ ಬಂದು ಕಟ್ಟೆಯ ಮೇಲೆ ಕೂತ. ಚಿಕ್ಕಹನುಮಕ್ಕ ಏಳಲಿಲ್ಲ.

"ನಿನಗೆ ಕಾಯಾಕೆ ಬರಾಕಿಲ್ಲ ಕಣ್ಲಾ. ನಿದ್ದೆ ಮಾಡ್ಬುಡ್ತೀಯ."

"ಮಾಡಲ್ಲ."

"ಯಾವನಾದ್ರೂ ಟೈಮ್ ಕೇಳ್ತಾನೆ. ಕತ್ತೆತ್ತಬ್ಯಾಡ. ಒಂದ್ ಕೈ ಗಂಟಿನ ಮ್ಯಾಲೆ, ಒಂದ್ ಕಾಲು ಬ್ಯಾಗಿನ ಹಿಡಿಯೊಳಗೆ. ಪೇಪರ್ ಓದಬ್ಯಾಡ."

"ಆಯ್ತಕ್ಕ. ಬೋಟ್ ಹೋಗುತ್ತೆ, ಏಳು."

"ಏನೋ ನೋಡ್ತಾ ಇರ್ತೀಯ, ಹೋಯ್ತೈತೆ ಬ್ಯಾಗು," ಅಂತ ಎದ್ದಳು. ಕೈ ಖಾಲಿ ಇಟ್ಟುಕೊಂಡು ನಡೆಯುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಳು, ಮುಂದೆ ತಂದಳು, ಕೊನೆಗೆ ವನಜಾಕ್ಷಿಯ ಕೈ ಹಿಡಿದುಕೊಂಡಳು. ತಿರುವಿನ ತನಕ ನಾಲ್ಕು ಸಲ ಹಿಂತಿರುಗಿ ನೋಡಿದಳು, ನನ್ನನ್ನಲ್ಲ, ಬ್ಯಾಗನ್ನು.

ಹೀಗಾಗಿ ಆ ದ್ವೀಪ ಹೇಗಿದೆ ಅಂತ ನನ್ನನ್ನು ಕೇಳಬೇಡಿ. ನಾನು ಅಂಡಮಾನಿನಲ್ಲಿ ಒಂದು ಕಟ್ಟೆ ನೋಡಿದ್ದೇನೆ. ಅಪ್ಪಲಸ್ವಾಮಿಯ ಕೆಟಲಿನ ಮೂತಿ ಎಡಕ್ಕೆ ಸೊಟ್ಟಗಿದೆ. ವಡೆಯ ಎಣ್ಣೆಯನ್ನು ಹನ್ನೊಂದು ಗಂಟೆಗೆ ಬದಲಾಯಿಸುತ್ತಾರೆ. ಒಂದು ಕಂದು ನಾಯಿ ಹತ್ತೂವರೆಗೆ ಬರುತ್ತದೆ, ಹನ್ನೆರಡಕ್ಕೆ ಹೋಗುತ್ತದೆ, ಎರಡಕ್ಕೆ ಬೇರೆ ನಾಯಿಯನ್ನು ಕಳಿಸುತ್ತದೆ. ಇಬ್ಬರು ನನ್ನನ್ನು ಟೈಮು ಕೇಳಿದರು. ಕತ್ತೆತ್ತಲಿಲ್ಲ, ಹುಚ್ಚನೆಂದುಕೊಂಡು ಹೋದರು.

ಕಾಯುವ ಕೆಲಸದಲ್ಲಿ ಯೋಚನೆಗೆ ಬಹಳ ಬಿಡುವು. ನಮ್ಮ ಹಳೆಯ ಬಸ್ಸು, ಅದರ ಟಾಪಿನ ಮೇಲೆ ಹಂಡೆಗಳು ಡಣಡಣ ಅನ್ನುತ್ತಿದ್ದದ್ದು, ಚನ್ನರಾಯನದುರ್ಗದ ಬೆಟ್ಟ ಕಂಡಾಗ ಊರು ಬಂತೆಂದು ನಾವೆಲ್ಲ ಒಟ್ಟಿಗೆ ಕೂಗುತ್ತಿದ್ದದ್ದು, ಸಂಜೀವಯ್ಯ ಮೇಷ್ಟ್ರು ಪ್ರವಾಸದ ಕೊನೆಗೆ ಉಳಿದ ಹಣದಲ್ಲಿ ತಲೆಗೊಂದು ಪೆಪ್ಪರಮಿಂಟು ಹಂಚಿ, ನೋಡಿದಿರಾ ಮಿಗಿಸಿದೆ ಅಂತ ಹೆಮ್ಮೆ ಪಡುತ್ತಿದ್ದದ್ದು. ಒಳ್ಳೆಯ ಮನುಷ್ಯ. ಸ್ವಂತಕ್ಕೆ ಒಂದು ಪೈಸೆ ಮುಟ್ಟಿದವರಲ್ಲ. ಅವರು ಹಾಗೆ ಹಿಡಿದು ಹಿಡಿದು ಖರ್ಚು ಮಾಡದಿದ್ದರೆ ನಮ್ಮಲ್ಲಿ ಅರ್ಧ ಹುಡುಗರು ತಾಲ್ಲೂಕು ದಾಟುತ್ತಿರಲಿಲ್ಲ, ನಾನೂ ಸೇರಿ. ಆ ಪೆಪ್ಪರಮಿಂಟಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಅದನ್ನು ಯಾರ ಲೆಕ್ಕದಿಂದ ಮಿಗಿಸಿದ್ದು ಅಂತ ಚೀಪುವಾಗ ಯಾರು ಕೇಳುತ್ತಾರೆ?

ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ನನಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಹೋಗುವ ಹಾಗಿಲ್ಲ. ಎರಡಾಯಿತು. ಎರಡೂವರೆಯಾಯಿತು. ಕಾಲು ಅದಲುಬದಲು ಮಾಡಿ ಕೂರುತ್ತಾ ಇದ್ದಾಗ, ಬೇಲೂರು, ಹಂಪಿ, ಜೋಗ, ಮಲ್ಪೆಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಬಯಲಲ್ಲಿ ಒಬ್ಬಳೇ ಪಾತ್ರೆ ಕಾಯುತ್ತಿದ್ದ ಹೆಂಗಸು ಇದಕ್ಕೆ ಏನು ಮಾಡುತ್ತಿದ್ದಳು ಅನ್ನುವ ಪ್ರಶ್ನೆ ನಲವತ್ತು ವರ್ಷದಲ್ಲಿ ಮೊದಲ ಸಲ ನನಗೆ ಹೊಳೆಯಿತು. ಕ್ಲಾಸ್ ಲೀಡರಿಗೆ ಬುದ್ಧಿ ಬರಲು ಎಲ್ಲಿ ಒತ್ತಬೇಕೋ ಅಲ್ಲೇ ಒತ್ತಬೇಕು.

ನಾಲ್ಕೂವರೆಗೆ ಅವರಿಬ್ಬರೂ ಬಂದರು. ವನಜಾಕ್ಷಿಯ ಮುಖ ಬಿಸಿಲಿಗೆ ಕೆಂಪಾಗಿತ್ತು, ಜಿಂಕೆ ಇದ್ದವು ರೀ, ನವಿಲಿದ್ದವು, ಹಾಳು ಬಿದ್ದ ಮನೆಗಳ ಮೇಲೆ ಮರದ ಬೇರು ಹೆಂಗೆ ಹಬ್ಬಿದೆ ಗೊತ್ತಾ, ಅಂತ ಒಂದೇ ಉಸಿರಿಗೆ ಶುರುಮಾಡಿದಳು. ಅಕ್ಕನ ಸೀರೆ ಮೊಣಕಾಲಿನ ತನಕ ಒದ್ದೆ. ನಾನು ಮೊದಲು ಬಾತ್‌ರೂಮಿಗೆ ಓಡಿ, ಆಮೇಲೆ ಬಂದು ಅವಳ ಎದುರು ಕೂತೆ. ಅಪ್ಪಲಸ್ವಾಮಿಯೂ ಟೀ ಹಿಡಿದು ಹತ್ತಿರ ಬಂದ.

"ಅಕ್ಕ, ಹೋಗಿ ಏಳು ಗಂಟೆ ಆಯ್ತಲ್ಲ. ಅಷ್ಟೊತ್ತು ಏನು ಮಾಡ್ದೆ ಅಲ್ಲಿ?"

"ಕುಂತಿದ್ದೆ."

"ಕುಂತಿದ್ಯಾ? ಜಿಂಕೆ, ನವಿಲು?"

"ಅವ್ನ ನಿನ್ ಹೆಂಡ್ತಿ ನೋಡಿದ್ಲು. ನಾನು ನೀರಲ್ಲಿ ಕಾಲು ಬುಟ್ಕೊಂಡು ಕುಂತಿದ್ದೆ."

"ನಾಲ್ಕು ವರ್ಷ ದುಡ್ಡು ಕೂಡಿಟ್ಟು, ವಿಮಾನ ಹತ್ತಿ, ಬೋಟ್ ಹತ್ತಿ ಅಷ್ಟು ದೂರ ಹೋಗಿ, ಬರೀ ಕುಂತು ಬಂದ್ಯಾ? ಅದರಲ್ಲೇನಕ್ಕ ಬಂತು?"

ಅವಳು ಟೀಯನ್ನು ಊದಿ ಊದಿ ಒಂದು ಗುಟುಕು ಕುಡಿದಳು.

"ಪಕ್ಕದಾಗೆ ಕಾಯಾಕೆ ಏನೂ ಇರ್ಲಿಲ್ಲ ಕಣ್ಲಾ."